ವೇಸ್ಟ್‌ಗೇಟ್ ರಾಡ್ ಎಷ್ಟು ಸುತ್ತು ತಿರುವಬೇಕು ಅಂತ ಕೇಳಿದವರಿಗೆ

ಡೀಸೆಲ್ ಫೋರ್‌ವೀಲ್ ಗಾಡಿ ಏರಿಗೆ ಎಳಿಯಂಗಿಲ್ಲ, ವೇಸ್ಟ್‌ಗೇಟ್ ರಾಡ್ (ಟರ್ಬೊ ಮಿತಿ ಮೀರದಂಗ ಗ್ಯಾಸ್ ಹೊರಗ ಬಿಡೂ ಫ್ಲ್ಯಾಪಿನ ಸರಳು) ಗಿಡ್ಡ ಮಾಡಿದ್ರ ಬೂಸ್ಟ್ (ಟರ್ಬೊ ಎಂಜಿನ್ನಿಗೆ ಒತ್ತಿ ತುಂಬೂ ಗಾಳಿಯ ಒತ್ತಡ) ಏರ್ತೈತಿ ಅಂತ ಮಿಸ್ತ್ರಿ ಹೇಳ್ಯಾನ, ಎಷ್ಟು ಸುತ್ತು ತಿರುವೂದು ಅಂತ ಕೇಳೀರಿ. ಒಂದು ಸುತ್ತೂ ಬ್ಯಾಡ್ರಿ. ಇದ ಕೆಲಸ ಮಾಡಿಸಿ ನಾ ಒಂದು ಟರ್ಬೊ ಕಳಕೊಂಡೀನಿ.

ನಂದು ಮೆಕ್ಯಾನಿಕಲ್ ಡೀಸೆಲ್ ಪಂಪಿನ ಹಳೇ ಜೀಪು. ಟ್ರೇಲರ್ ಕಟ್ಟಿಕೊಂಡು ಡಂಬಳ ದಾಟಿ ಕಪ್ಪತಗುಡ್ಡದ ಏರಿಗೆ ಬಂದ್ರ ಉಸಿರು ಕಟ್ಟತಿತ್ತು, ಹಿಂದ ಬರೇ ಕರಿ ಹೊಗಿ. ಹುಬ್ಬಳ್ಳಿಯೊಳಗ ಒಬ್ಬ ಮಿಸ್ತ್ರಿ ಆ್ಯಕ್ಚುವೇಟರಿನ (ರಾಡ್ ದೂಡೂ ಡಬ್ಬಿ) ಚೆಕ್ ನಟ್ ಸಡಲಿಸಿ, ರಾಡಿನ ತುದಿ ಒಳಗ ತಿರುವಿ ಬಿಗಿ ಮಾಡಿದ. ಬೂಸ್ಟ್ ಅಳಿಯೂ ಗೇಜ್ ಹಾಕಲಿಲ್ಲ, ಟರ್ಬೊದ ಸೀಟಿ ಕೇಳಿ "ಈಗ ಬರೋಬ್ಬರಿ ಆತು" ಅಂದ. ಪಿಕಪ್ ಖರೇನ ಬಂತು. ಹೊಗಿನೂ ಕಡಿಮಿ ಆತು. ಅಲ್ಲೇ ನಾ ಮೋಸ ಹೋದದ್ದು.

ಯಾಕಂದ್ರ ರೋಗ ಬ್ಯಾರೆ ಕಡೆ ಇತ್ತು. ಟರ್ಬೊದಿಂದ ಇಂಟರ್‌ಕೂಲರಿಗೆ (ಒತ್ತಿದ ಗಾಳಿ ತಂಪು ಮಾಡೂ ಜಾಲಿ) ಹೋಗೂ ರಬ್ಬರ್ ಪೈಪು ಕ್ಲಿಪ್ಪಿನ ಕೆಳಗ ಸೀಳಿತ್ತು. ನಿಂತ ಗಾಡಿಯೊಳಗ ಕಾಣೂದಿಲ್ಲ, ಹೆಬ್ಬೆರಳಿಲೆ ಒತ್ತಿ ಮಣಿಸಿದಾಗ ಬಾಯಿ ಬಿಡತಿತ್ತು. ಸುತ್ತ ಎಣ್ಣಿ ಜಿಡ್ಡು, ಅದರ ಮ್ಯಾಲ ನಮ್ಮ ಎರಿ ಮಣ್ಣಿನ ಧೂಳು ಮೆತ್ತಿ ಕರ್ರಗ ಪಟ್ಟಿ ಕಟ್ಟಿತ್ತು. ಟರ್ಬೊ ಒತ್ತಿದ ಗಾಳಿ ಎಂಜಿನ್ ಮುಟ್ಟೂಕಿಂತ ಮೊದಲ ಅಲ್ಲಿ ಸೋರತಿತ್ತು. ಡೀಸೆಲ್ ಅಷ್ಟ ಬೀಳತೈತಿ, ಗಾಳಿ ಸಾಲಂಗಿಲ್ಲ, ಅದಕ್ಕ ಹೊಗಿ.

ಈಗ ರಾಡಿನ ಕೆಲಸ ನೋಡ್ರಿ. ಬೂಸ್ಟ್ ಒಂದು ಮಟ್ಟಕ್ಕ ಬಂದಾಗ ಅದರ ಒತ್ತಡ ಆ್ಯಕ್ಚುವೇಟರಿನ ಡಯಾಫ್ರಾಮ್ ದೂಡಿ, ಸ್ಪ್ರಿಂಗ್ ಮಣಿಸಿ, ರಾಡಿನ ಮೂಲಕ ಫ್ಲ್ಯಾಪ್ ತಗೀತೈತಿ. ಸೈಲೆನ್ಸರ್ ಕಡೆ ಹೋಗೂ ಗ್ಯಾಸ್ ಸ್ವಲ್ಪ ಟರ್ಬೈನ್ ಮುಟ್ಟದ ಹೊರಗ ಹೋಗ್ತೈತಿ, ಟರ್ಬೊ ಮಿತಿಯೊಳಗ ತಿರಗತೈತಿ. ರಾಡ್ ಗಿಡ್ಡ ಮಾಡಿದ್ರ ಸ್ಪ್ರಿಂಗ್ ಮೊದಲ ಬಿಗದಿರ್ತೈತಿ, ಫ್ಲ್ಯಾಪ್ ತಡಾ ಮಾಡಿ ತಗೀತೈತಿ. ಸೋರೂ ಪೈಪಿನ ಕೂಡ ಇದನ್ನ ಮಾಡಿದ್ರ, ಮೊದಲ ಸೋರಿಕೆ ತುಂಬಾಕ ಹೆಚ್ಚಿಗೆ ತಿರಗತಿದ್ದ ಟರ್ಬೊನ್ನ ಇನ್ನಷ್ಟು ಓಡಿಸಿದಂಗ. ಆಮ್ಯಾಲ ಸರ್ವೀಸಿಗೆ ಬಿಟ್ಟಾಗ ಬ್ಯಾರೆ ಹುಡುಗ ಸೀಳಿದ ಪೈಪು ಕಂಡು ಹೊಸಾದು ಹಾಕಿದ. ಒಳ್ಳೇ ಕೆಲಸ. ಆದ್ರ ರಾಡ್ ಗಿಡ್ಡ ಐತಿ ಅಂತ ನಾ ಅವಗ ಹೇಳಲಿಲ್ಲ, ಹಳೇ ಜಾಗಕ್ಕ ತರಿಸಲಿಲ್ಲ. ಸೋರಿಕೆ ನಿಂತಿತು, ಬಿಗಿದ ರಾಡ್ ಹಂಗ ಉಳೀತು, ಎಂಜಿನ್ನಿಗೆ ಕಂಪನಿ ಇಟ್ಟದ್ದಕ್ಕಿಂತ ಹೆಚ್ಚಿಗೆ ಬೂಸ್ಟ್ ಹೋಗಾಕ ಹತ್ತಿತು. ಗೇಜ್ ಇದ್ದಿದ್ರ ಅವತ್ತ ಗೊತ್ತಾಗತಿತ್ತು.

ಅಂಕೋಲಾದಿಂದ ಬರೂವಾಗ ಅರಬೈಲ ಘಾಟಿನ್ಯಾಗ ಸೀಟಿ ದನಿ ಬದಲಾತು, ಆಮ್ಯಾಲ ನೀಲಿ ಹೊಗಿ. ಬಿಚ್ಚಿ ನೋಡಿದ್ರ ಶಾಫ್ಟ್ ಅಲಗಾಡತಿತ್ತು, ಕಂಪ್ರೆಸರ್ ಚಕ್ರದ ರೆಕ್ಕಿ ಹೌಸಿಂಗಿಗೆ ಉಜ್ಜಿದ್ದು, ಇಂಟರ್‌ಕೂಲರಿನ ತುಂಬ ಎಣ್ಣಿ. ಹಿಂಗ ಆದ ಡೀಸೆಲ್ ಎಂಜಿನ್ ತನ್ನ ಎಣ್ಣಿ ತಾನ ಕುಡದು, ಕೀ ತಗದ್ರೂ ನಿಲ್ಲದ ಓಡಬಹುದು. ನಂದು ಅಷ್ಟಕ್ಕ ಹೋಗಲಿಲ್ಲ.

ನಿಮಗ ಬೂಸ್ಟ್ ಬೇಕು ಅನ್ನೂದ ತಪ್ಪು ತಿಳುವಳಿಕಿ ಅನಸತೈತಿ ನನಗ. ಡೀಸೆಲ್ ಗಾಡಿಗೆ ಶಕ್ತಿ ಬರೂದು ಡೀಸೆಲ್ಲಿನಿಂದ. ನನ್ನಂಥ ಹಳೇ ಪಂಪಿನ ಗಾಡಿಯೊಳಗ ಏರಿನ್ಯಾಗ ಕರಿ ಹೊಗಿ ಇಲ್ಲ ಅಂದ್ರ ಬಹುತೇಕ ಗಾಳಿ ಸಾಕಷ್ಟು ಐತಿ, ಇನ್ನೂ ತುಂಬಿದ್ರ ಲಾಭ ಇಲ್ಲ. ಆಗ ಡೀಸೆಲ್ ಫಿಲ್ಟರ್, ಪಂಪು ನೋಡ್ರಿ. ಕರಿ ಹೊಗಿ ಐತಿ ಅಂದ್ರ ಗಾಳಿ ಎಲ್ಲಿ ಹೋಗ್ತೈತಿ ಹುಡುಕ್ರಿ. ಪಂಪಿನ ಸ್ಕ್ರೂ ತಿರುವಿ ಡೀಸೆಲ್ ಹೆಚ್ಚಿಸೋಣು ಅಂತ ಯಾರರ ಅಂದ್ರ ಅದೂ ಬ್ಯಾಡ, ಎಕ್ಸಾಸ್ಟ್ ಕಾವು ಏರಿ ಪಿಸ್ಟನ್ ಕರಗತಾವ.

ಸಿಆರ್‌ಡಿಐ (ಕಂಪ್ಯೂಟರಿನ ಹಿಡಿತದಾಗ ಡೀಸೆಲ್ ಬಿಡೂ ಎಂಜಿನ್) ಇದ್ರಂತೂ ಕೈ ಹಚ್ಚಲೇ ಬ್ಯಾಡ್ರಿ. ಬೂಸ್ಟ್ ಸೆನ್ಸರ್ ಹೆಚ್ಚಿನ ಒತ್ತಡ ಕಂಡ ಕೂಡಲೆ ಇಸಿಯು (ಆ ಕಂಪ್ಯೂಟರ್) ಗಾಡಿನ್ನ ಶಕ್ತಿ ಕಡಿಮಿ ಮಾಡೂ ಲಿಂಪ್ ಮೋಡಿಗೆ ಹಾಕತೈತಿ, ಇದ್ದ ಪಿಕಪ್ಪೂ ಹೋಗ್ತೈತಿ. ಸ್ಕಾರ್ಪಿಯೊದ 120 ಎಚ್‌ಪಿ ಎಂಹಾಕ್ ಎಂಜಿನ್ ಇದ್ರ ಅದು ವಿಜಿಟಿ ಟರ್ಬೊ, ಅದರ ರಾಡ್ ತಿರುವೂದು ಒಳಗಿನ ವೇನ್‌ಗಳನ್ನ (ಗ್ಯಾಸಿನ ದಾರಿ ಹಿಗ್ಗಿಸಿ ಕುಗ್ಗಿಸೂ ರೆಕ್ಕಿ). ವೇಸ್ಟ್‌ಗೇಟ್ ಅಲ್ಲ.

ಮೊದಲ ಏರ್ ಫಿಲ್ಟರ್ ತಗದು ಝಾಡಿಸ್ರಿ, ನಮ್ಮ ಕಡೆ ಧೂಳಿಗೆ ಅರ್ಧ ಕೇಸು ಅಲ್ಲೇ ಮುಗೀತಾವ. ಆಮ್ಯಾಲ ಎಂಜಿನ್ ಬಂದ್ ಇಟ್ಟು, ಟರ್ಬೊ ಗಾಳಿ ಎಳಿಯೂ ಬಾಯಿಗೆ ಮುಚ್ಚಳ ಹಾಕಿ, ಅದರ ಮೂಲಕ ಗ್ಯಾರೇಜಿನ ಗಾಳಿ ಕಂಪ್ರೆಸರಿಂದ 10 ಪಿಎಸ್‌ಐ ಸುತ್ತಮುತ್ತ ಗಾಳಿ ಬಿಟ್ಟು, ಪ್ರತಿ ಜೋಡಣಿಗೂ ಸೋಪಿನ ನೀರು ಹಚ್ಚಸ್ರಿ. ಗುಳ್ಳಿ ಎದ್ದಲ್ಲಿ ಸೋರಿಕೆ. ಎಲ್ಲಾ ಬರೋಬ್ಬರಿ ಐತಿ ಅಂದ್ರ ಗೇಜ್ ಹಾಕಿ ಏರಿಗೆ ಓಡಿಸಿ ನೋಡ್ರಿ. ಮ್ಯಾನ್ಯುಯಲ್‌ನ ಅಂಕಿಗಿಂತ ಕಡಿಮಿ ತೋರಿಸಿದ್ರ ಫ್ಲ್ಯಾಪಿಗೆ ಮಸಿ ಕಟ್ಟಿ ಅರ್ಧ ತಗದಂಗ ನಿಂತೈತೇನು, ಕೈ ಪಂಪಿಲೆ ಒತ್ತಡ ಕೊಟ್ಟು ರಾಡ್ ಎಷ್ಟಕ್ಕ ಅಲಗತೈತಿ ನೋಡಸ್ರಿ. ಹೊಂದಸೂದು ಬಂತಂದ್ರ ಮ್ಯಾನ್ಯುಯಲ್‌ನ ಒತ್ತಡಕ್ಕ ಹೊಂದಸ್ರಿ, ಮೊದಲ ಇದ್ದ ಜಾಗಕ್ಕ ಪೇಂಟಿನ ಗುರುತು ಹಾಕಿ. ಗೇಜ್ ಇಲ್ಲದ ಪಾನಾ ಹಿಡಿಯೂ ಮಿಸ್ತ್ರಿ ಕಡೆ ಗಾಡಿ ಬಿಡಬ್ಯಾಡ್ರಿ.