ವಾಷರ್ ಕೆಮ್ಮುತ್ತಿದೆ!

ಪ್ರಶ್ನೆ: ಕೈಯಲ್ಲಿ ಹಿಡಿಯುವ ಬ್ಯಾಟರಿ ಪ್ರೆಶರ್ ವಾಷರ್ (ನೀರನ್ನು ರಭಸವಾಗಿ ಚಿಮ್ಮಿಸಿ ತೊಳೆಯುವ ಯಂತ್ರ) ಬಕೆಟ್‌ನಿಂದ ನೀರು ಎಳೆಯುವಾಗ ನೀರು ತಡೆದು ತಡೆದು ಬರುತ್ತದೆ. ಪಂಪ್ ಹಾಳಾಯಿತಾ?

ಉತ್ತರ: ಗಾಬರಿ ಬೇಡ. ನನ್ನದೂ ಹೀಗೇ ಕೆಮ್ಮುತ್ತಿತ್ತು. ಸ್ಕ್ರೂಡ್ರೈವರ್ ಹಿಡಿದು ಕೂತವನಿಗೆ ಕೊನೆಗೆ ಸಿಕ್ಕಿದ್ದು, ಪೈಪಿನ ತುದಿಯ ಜಾಲರಿಗೆ ಅಂಟಿದ್ದ ಒಂದು ಒಣಗಿದ ಎಲೆ! ಮೊದಲು ಜಾಲರಿ ತೊಳೆಯಿರಿ. ಅದು ಪೂರ್ತಿ ಮುಳುಗಿರಲಿ. ಆಮೇಲೆ ಪೈಪ್ ಸೇರುವಲ್ಲಿರುವ ರಬ್ಬರ್ ರಿಂಗ್ ನೋಡಿ. ಸೀಳಿದ್ದರೆ ನೀರಿನ ಜೊತೆ ಗಾಳಿಯೂ ಒಳಗೆ ಹೋಗುತ್ತದೆ, ಬದಲಿಸಿ. ನಾಝಲ್ ತೂತು ಕಟ್ಟಿದ್ದರೆ ತೆಳ್ಳನೆ ತಂತಿಯಿಂದ ಬಿಡಿಸಿ, ಆದರೆ ಬ್ಯಾಟರಿ ತೆಗೆದ ಮೇಲೆ. ನೀರಿಲ್ಲದೆ ಸುಮ್ನೆ ಓಡಿಸಬೇಡಿ, ಪಂಪಿನ ಸೀಲ್ ಸವೆದುಹೋಗುತ್ತದೆ. ಕೆಲಸ ಮುಗಿದ ಮೇಲೆ ಒಳಗಿನ ನೀರನ್ನು ಖಾಲಿ ಮಾಡಿ ಇಡುತ್ತೀರಿ ಅಲ್ವಾ? ನಾನಂತೂ ತುಂಬಾ ದಿನ ಹಾಗೆ ಮಾಡಿರಲೇ ಇಲ್ಲ.