ಜೆಲ್ ಬಲ್ಲವರಿಗೆ ಅಕ್ರಿಲಿಕ್ ಉಗುರು

ಪ್ರಶ್ನೆ: ನಾನು ಬ್ಯೂಟಿ ಪಾರ್ಲರೊಂದರಲ್ಲಿ ಜೆಲ್ ಉಗುರು ಹಾಕುತ್ತೇನೆ. ಈಗ ಕಲಿಯುತ್ತಿರುವ ಅಕ್ರಿಲಿಕ್, ಆಕಾರಕ್ಕೆ ಬರುವ ಮೊದಲೇ ಗಟ್ಟಿಯಾಗುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ಬಳ್ಳಾರಿ

ಉತ್ತರ: ಜೆಲ್, ಅದನ್ನು ಗಟ್ಟಿಯಾಗಿಸುವ ದೀಪದ ಕೆಳಗಿಡುವವರೆಗೂ ನಿಮಗಾಗಿ ಕಾಯುತ್ತದೆ, ಅಕ್ರಿಲಿಕ್ ಹಾಗಲ್ಲ, ದ್ರವ ಮತ್ತು ಪುಡಿ ಬೆರೆತ ಕ್ಷಣದಿಂದಲೇ ತಾನಾಗಿ ಗಟ್ಟಿಯಾಗತೊಡಗುತ್ತದೆ, ಅದೂ ಸೆಕೆ ಹೆಚ್ಚಿದಷ್ಟು ಬೇಗ. (ನಿಮ್ಮೂರಿನ ಏಪ್ರಿಲ್ ತಿಂಗಳನ್ನು ನಾನು ವರ್ಣಿಸಬೇಕಿಲ್ಲ.) ಆದ್ದರಿಂದ ಕೋಣೆಯನ್ನು ತಂಪಾಗಿಟ್ಟು, ನಿಧಾನವಾಗಿ ಗಟ್ಟಿಯಾಗುವ ಬಗೆಯ ಪುಡಿಯನ್ನು ಆರಿಸಿಕೊಂಡು, 1 ಪಾಲು ಪುಡಿಗೆ ಸುಮಾರು 1.5 ಪಾಲು ದ್ರವದ ಹದದಲ್ಲಿ ಬ್ರಷ್ಷಿನ ತುದಿಗೆ ಸಣ್ಣ ಉಂಡೆಯನ್ನಷ್ಟೇ ಎತ್ತಿ, ಜೆಲ್‌ನಂತೆ ಬಳಿಯದೆ ಮೆಲ್ಲಗೆ ಒತ್ತಿ ಕೂರಿಸುವುದನ್ನು ಕೃತಕ ಉಗುರಿನ ಮೇಲೆ ಅಭ್ಯಾಸ ಮಾಡಿರಿ. ದ್ರವ ಚರ್ಮಕ್ಕೆ ತಾಗಿದರೆ ಅಲರ್ಜಿಯಾಗಬಹುದು. ಅಗ್ಗವೆಂದು ಮೀಥೈಲ್ ಮೆಥಾಕ್ರಿಲೇಟ್ ಎಂಬ ರಾಸಾಯನಿಕ ಇರುವ ದ್ರವವನ್ನು ಕೊಳ್ಳದೆ, ಈಥೈಲ್ ಮೆಥಾಕ್ರಿಲೇಟ್ ಎಂದು ನಮೂದಿಸಿರುವುದನ್ನೇ ಕೇಳಿ ಪಡೆಯಿರಿ.