ಕರೆಂಟ್ ಹೋದಾಗ 290 ವೋಲ್ಟ್, ಬಂದಾಗ ಟ್ರಿಪ್: ತೊರೆಯ ಟರ್ಬೈನ್ ಬಗ್ಗೆ

ತೊರೆಗೆ ಹಾಕಿ ಗ್ರಿಡ್‌ಗೆ (ಊರಿನ ವಿದ್ಯುತ್ ಜಾಲಕ್ಕೆ) ಜೋಡಿಸಿದ ನಿಮ್ಮ ಟರ್ಬೈನ್, ಲೈನ್ ಕರೆಂಟ್ ಹೋದಾಗ 290 ವೋಲ್ಟ್‌ಗೆ ಏರಿ ಬಲ್ಬು ಸುಡುತ್ತದೆ, ಕರೆಂಟ್ ಬಂದಾಗ ಟ್ರಿಪ್ ಆಗುತ್ತದೆ ಎಂದು ಕೇಳಿದ್ದೀರಿ. ಬಲ್ಬು ಸುಡುತ್ತಿರುವುದು ಬಹುಶಃ ಆಲ್ಟರ್ನೇಟರ್ (ಕರೆಂಟ್ ಹುಟ್ಟಿಸುವ ಯಂತ್ರ) ಕೆಟ್ಟು ಅಲ್ಲ, ಟರ್ಬೈನ್ ವೇಗ ಹಿಡಿದಿಡಲು ಏನೂ ಇಲ್ಲದೆ. ಲೈನ್ ಇರುವಾಗ ಗ್ರಿಡ್ಡೇ ಅದನ್ನು 50 ಹರ್ಟ್ಜ್‌ಗೆ (ಸೆಕೆಂಡಿಗೆ 50 ಅಲೆ) ಕಟ್ಟಿಹಾಕಿರುತ್ತದೆ. ಮಡಿಕೇರಿ ಮಳೆಗೆ ಮರ ಬಿದ್ದು ಲೈನ್ ಹೋಯಿತೋ, ನಿಮ್ಮ 3 ಕಿಲೋವ್ಯಾಟ್‌ನಲ್ಲಿ ಕಾರ್ಮಿಕರ ಲೈನ್‌ಮನೆ, ಬಂಗಲೆ ಸೇರಿ ಎಳೆಯುವುದು ಅರ್ಧವೂ ಇಲ್ಲ. ಉಳಿದದ್ದು ವೇಗ ಏರಿಸುತ್ತದೆ, ಜೊತೆಗೆ ವೋಲ್ಟೇಜೂ ಏರುತ್ತದೆ.

ಮೊದಲು ಲೈನ್ ಸತ್ತ ಕೂಡಲೇ ಗ್ರಿಡ್‌ನಿಂದ ಬಿಡಿಸುವ ಕಾಂಟ್ಯಾಕ್ಟರ್ (ತಾನಾಗಿ ನಡೆಯುವ ದೊಡ್ಡ ಸ್ವಿಚ್) ಮತ್ತು ಅದಕ್ಕೆ ಸೂಚನೆ ಕೊಡುವ ರಿಲೇ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಗ್ರಿಡ್ ಕಡೆ ಕಳಚಿಡಿ. ನಿಮ್ಮ ಕರೆಂಟ್ ಸತ್ತ ಲೈನಿಗೆ ಹರಿದರೆ ರಿಪೇರಿಗೆ ಕಂಬ ಹತ್ತಿದವರ ಜೀವದ ಪ್ರಶ್ನೆ.

ಆಮೇಲೆ ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್ ಹಾಕಿಸಿ. ಮನೆ ಬಳಸದ ಕರೆಂಟನ್ನು ಅದು ಹೀಟರ್ ಕಾಯಿಲ್‌ಗೆ ತಿರುಗಿಸುತ್ತದೆ. ಕಾಯಿಲ್ 3 ಕಿಲೋವ್ಯಾಟ್‌ಗಿಂತ ಸ್ವಲ್ಪ ಹೆಚ್ಚೇ ಇರಲಿ, ಚೇಂಜ್‌ಓವರ್ ಸ್ವಿಚ್‌ಗೆ (ಮನೆಯನ್ನು ಗ್ರಿಡ್‌ನಿಂದ ಟರ್ಬೈನ್‌ಗೆ ಬದಲಿಸುವ ಸ್ವಿಚ್) ಮೊದಲೇ, ಜನರೇಟರ್ ಕಡೆ ಜೋಡಿಸಿ. ಬಚ್ಚಲ ಹಂಡೆಗೆ ಬಿಟ್ಟರೆ ಬಿಸಿನೀರು ಪುಕ್ಕಟೆ, ಆದರೆ ಹಂಡೆ ಒಣಗಬಾರದು. ವೇಗ ತಗ್ಗಿಸಲು ವಾಲ್ವ್ ಮಾತ್ರ ಗಬಕ್ಕನೆ ಮುಚ್ಚಬೇಡಿ, ನೀರಿನ ಒತ್ತಡ ಏಕಾಏಕಿ ಏರಿ ಪೈಪ್ ಒಡೆಯಬಹುದು. ನಿಮ್ಮದು ಪೆಲ್ಟನ್ (ಬಟ್ಟಲುಗಳಿಗೆ ನೀರಿನ ಧಾರೆ ಬಡಿದು ತಿರುಗುವ ಟರ್ಬೈನ್) ಆದರೆ ನೀರಿನ ಧಾರೆಗೆ ಅಡ್ಡ ಬರುವ ತಗಡು ಸಾಕು.

ಕರೆಂಟ್ ಬಂದಾಗ ಟ್ರಿಪ್ ಆಗುವುದು ಬಹುಶಃ ಗ್ರಿಡ್, ಟರ್ಬೈನ್ ಎರಡೂ ಕಡೆಯ ಅಲೆ ಹೊಂದದೆ ಜೋಡಿಸುವುದರಿಂದ. ವೋಲ್ಟೇಜ್, ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಅಲೆ), ಫೇಸ್ (ಎರಡು ಅಲೆಗಳು ಒಟ್ಟಿಗೆ ಏರಿಳಿಯುವುದು) ಮೂರೂ ಸರಿಬಂದ ಮೇಲಷ್ಟೇ ಬಿಡುವ ಸಿಂಕ್ ರಿಲೇ ಬೇಕು. ಲೈನ್ ಐದು ನಿಮಿಷ ಸ್ಥಿರವಾಗಿ ನಿಲ್ಲುವವರೆಗೆ ತಡೆಯುವ ಟೈಮರೂ ಇರಲಿ. ಮಳೆಗಾಲದಲ್ಲಿ ಕರೆಂಟ್ ಬಂದಂತೆ ಮಾಡಿ ಮತ್ತೆ ಹೋಗುತ್ತದಲ್ಲ.

ಇದೆಲ್ಲ ನಿಮ್ಮ ಜನರೇಟರ್ ಸಿಂಕ್ರೊನಸ್ ಯಂತ್ರ (ಗ್ರಿಡ್ ಅಲೆಗೆ ಸರಿಯಾಗಿ ಹೆಜ್ಜೆ ಹಾಕಿ ತಿರುಗುವಂಥದ್ದು) ಎಂದುಕೊಂಡು ಹೇಳಿದ್ದು. ಇಂಡಕ್ಷನ್ ಮೋಟಾರನ್ನೇ ಜನರೇಟರ್ ಮಾಡಿದ್ದರೆ ಗ್ರಿಡ್ ಇಲ್ಲದಾಗ ಅದಕ್ಕೆ ಬೇಕಾಗುವ ಕೆಪ್ಯಾಸಿಟರ್ ಲೆಕ್ಕ ಬೇರೆ. ಕಂಟ್ರೋಲರ್ ಕೊಳ್ಳುವ ಮೊದಲು ಜನರೇಟರಿನ ನೇಮ್‌ಪ್ಲೇಟ್ ಫೋಟೋ ಹಾಕಿ.